ಗಜನಿಯ ಸಿಗಡಿ ಮತ್ತು ಮದ್ದಿಗೆ ಮಣಿಯದ ಬ್ಯಾಕ್ಟೀರಿಯ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಬಂದರುಗಳ ಇತಿಹಾಸವನ್ನೇ ಬರೆದಿದ್ದಾರೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಈ ತೀರದಿಂದ ಹಡಗೇರಿದ ಕರಿಮೆಣಸು, ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯಿಂದ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿದ್ದ ಹತ್ತಿ, ಇವುಗಳ ಕುರಿತು ಬರಹಗಳಿಗೆ ಕೊರತೆಯಿಲ್ಲ. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಅಳಿವೆಗಳ ಅಂಚಿನಲ್ಲಿ ಭತ್ತವನ್ನೂ ಸಿಗಡಿಯನ್ನೂ ಒಂದೇ ನೆಲದಲ್ಲಿ ಬೆಳೆದುಕೊಂಡು ಬಂದ ಜನರ ಕಸುಬಿಗೆ ಅಷ್ಟು ಗಮನ ದೊರೆತಿಲ್ಲ. ಆ ಕಸುಬು ಕಳೆದ ಅರ್ಧ ಶತಮಾನದಲ್ಲಿ ಕಂಡ ಬದಲಾವಣೆಯು ಇಂದಿನ ವೈದ್ಯಲೋಕದ ದೊಡ್ಡ ಆತಂಕಗಳಲ್ಲೊಂದಾದ ಔಷಧ ನಿರೋಧದೊಡನೆ, ಎಂದರೆ ಪ್ರತಿಜೀವಕಗಳಿಗೆ ಬ್ಯಾಕ್ಟೀರಿಯಗಳು ಮಣಿಯದಂತಾಗುವ ಸ್ಥಿತಿಯೊಡನೆ, ನೇರವಾಗಿ ಹೆಣೆದುಕೊಂಡಿರುವುದರಿಂದ ಅದನ್ನು ಬಿಡಿಸಿ ನೋಡುವುದು ಅಗತ್ಯವಾಗಿದೆ.

ಅಳಿವೆಯ ಬದಿಯಲ್ಲಿ, ಭರತದ ನೀರು ನುಗ್ಗುವಷ್ಟು ತಗ್ಗಿನಲ್ಲಿರುವ ಉಪ್ಪುಮಿಶ್ರಿತ ಗದ್ದೆಗೆ ಈ ಭಾಗದಲ್ಲಿ ಗಜನಿ ಎಂದು ಹೆಸರು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆಯು ಕಡಲನ್ನು ಸೇರುವ ಮುನ್ನ ಹರಡಿಕೊಳ್ಳುವ ವಿಶಾಲ ಅಳಿವೆಯ ಸುತ್ತ, ಮಿರ್ಜಾನ, ಹೆಗಡೆ, ಮಾಸೂರು, ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ, ಇಂಥ ಗಜನಿಗಳು ಹೇರಳವಾಗಿವೆ. ಮುಂಗಾರಿನ ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಇಲ್ಲಿ ಬಿತ್ತಲಾಗುತ್ತಿತ್ತು. ಕಗ್ಗವು ಉಪ್ಪನ್ನು ತಾಳಿಕೊಳ್ಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದ, ಎತ್ತರಕ್ಕೆ ಬೆಳೆಯುವ ನಾಡತಳಿ. ಅದಕ್ಕೆ ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಹಾಕುವ ಪದ್ಧತಿ ಇರಲಿಲ್ಲ, ಏಕೆಂದರೆ ಹೊಳೆಯು ತಂದು ಹಾಕುವ ಗೋಡುಮಣ್ಣೇ ಅದರ ಗೊಬ್ಬರವಾಗಿತ್ತು. ಮಳೆಗಾಲದ ಕೊನೆಯಲ್ಲಿ ತೆನೆಯನ್ನು ಕೊಯ್ದುಕೊಂಡು ಕೂಳೆಯನ್ನು ನೀರಿನಲ್ಲಿಯೇ ಬಿಟ್ಟು, ಒಡ್ಡಿನಲ್ಲಿರುವ ಮರದ ಬಾಗಿಲನ್ನು ತೆರೆದರೆ, ಭರತದೊಡನೆ ಸಿಗಡಿ ಮತ್ತು ಮೀನಿನ ಮರಿಗಳು ತಾವಾಗಿ ಒಳಬರುತ್ತಿದ್ದವು. ಕೊಳೆಯುವ ಕೂಳೆಯಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳನ್ನು ತಿಂದು ಅವು ಬೆಳೆದು, ಬೇಸಿಗೆಯ ಹೊತ್ತಿಗೆ ಊರಿನವರಿಗೆ ಶೆಟ್ಲಿಯ, ಎಂದರೆ ಸಿಗಡಿಯ, ಸುಗ್ಗಿಯನ್ನು ಕೊಡುತ್ತಿದ್ದವು.

ಈ ಪದ್ಧತಿಯಲ್ಲಿ ರೋಗನಿಯಂತ್ರಣವೆಂಬ ಪ್ರತ್ಯೇಕ ಕೆಲಸವೇ ಇರಲಿಲ್ಲವೆಂಬುದು ಗಮನಾರ್ಹ. ದಿನಕ್ಕೆರಡು ಬಾರಿ ಏರಿಳಿಯುವ ನೀರು ಕೊಳಕನ್ನು ಹೊರಹಾಕುತ್ತಿತ್ತು, ಮರಿಗಳ ದಟ್ಟಣೆ ನಿಸರ್ಗವು ಕೊಟ್ಟಷ್ಟೇ ಇರುತ್ತಿತ್ತು, ಮಳೆಗಾಲದ ಸಿಹಿನೀರು ಮತ್ತು ಭತ್ತದ ಬೆಳೆ ವರ್ಷಕ್ಕೊಮ್ಮೆ ಉಪ್ಪುನೀರಿನ ಜೀವಿಗಳ ಸರಪಳಿಯನ್ನು ಕಡಿದುಹಾಕುತ್ತಿದ್ದವು. ಸಿಗಡಿಯನ್ನು ಕಾಡುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಉಪ್ಪಿಲ್ಲದೆ ಬಾಳಲಾರವಾದ್ದರಿಂದ, ಗದ್ದೆಯು ನಾಲ್ಕು ತಿಂಗಳು ಸಿಹಿನೀರಿನಲ್ಲಿ ನಿಲ್ಲುವುದೆಂದರೆ ಅವುಗಳ ಪಾಲಿಗೆ ಉಪವಾಸವಷ್ಟೇ ಅಲ್ಲ, ಬಹುಮಟ್ಟಿಗೆ ನಿರ್ನಾಮವೂ ಹೌದು. ಇದನ್ನು ಯಾರೂ ಶಾಸ್ತ್ರವೆಂದು ಬರೆದಿಡಲಿಲ್ಲ. ಆದರೂ ಈ ಆವರ್ತನದಷ್ಟು ಸಮರ್ಥವಾದ ಶುದ್ಧೀಕರಣ ವಿಧಾನವನ್ನು ಆನಂತರದ ಸಿಗಡಿ ಉದ್ಯಮವು ಯಾವ ವೆಚ್ಚದಲ್ಲಿಯೂ ಕಟ್ಟಿಕೊಳ್ಳಲಾಗಲಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ.

ನೆರೆಯ ಹೊನ್ನಾವರದಲ್ಲಿ ಪರಿಸ್ಥಿತಿ ಬೇರೆ ದಾರಿ ಹಿಡಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಮುಂದೆ ಗೇರುಸೊಪ್ಪೆಯಲ್ಲಿಯೂ ಅಣೆಕಟ್ಟು ಎದ್ದ ಮೇಲೆ, ವಿದ್ಯುತ್ ಉತ್ಪಾದನೆಗೆ ಬಳಸಿದ ನೀರು ಬೇಸಿಗೆಯಲ್ಲಿಯೂ ಶರಾವತಿಗೆ ಇಳಿಯತೊಡಗಿದ್ದರಿಂದ ಆ ಅಳಿವೆಯ ಉಪ್ಪಿನಂಶ ಕುಗ್ಗಿ, ಉಪ್ಪುನೀರಿನ ಮೀನು ಮತ್ತು ಚಿಪ್ಪುಜೀವಿಗಳು ಕಡಿಮೆಯಾದವು. ಭಟ್ಕಳದ ವೆಂಕಟಾಪುರ ಹೊಳೆಯಂಥ ಕಿರುಹೊಳೆಗಳ ಅಳಿವೆ ಚಿಕ್ಕದು. ಅಲ್ಲಿನ ಮೀನುಗಾರಿಕೆ ಕಡಲನ್ನೇ ನೆಚ್ಚಿಕೊಂಡಿದೆ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಬದಿಯ ಗಜನಿಗಳೇ ಹೀಗೆ ಈ ಮೂರು ತಾಲ್ಲೂಕುಗಳ ಸಿಗಡಿ ಕೃಷಿಯ ಮುಖ್ಯ ನೆಲೆಯಾಗಿ ಉಳಿದವು.

ಮೊದಲು ಗಜನಿಯ ಒಡ್ಡುಗಳನ್ನು ಊರಿನವರೇ ವರ್ಷವರ್ಷವೂ ಮಣ್ಣಿನಿಂದ ಕಟ್ಟಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಸರಕಾರವು ಖಾರಲ್ಯಾಂಡ್ ಯೋಜನೆಯಡಿ ಕಲ್ಲುಮಣ್ಣಿನ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ಭತ್ತವನ್ನು ಉಪ್ಪುನೀರಿನಿಂದ ಕಾಯುವುದೇ ಇದರ ಉದ್ದೇಶವಾಗಿತ್ತಾದರೂ, ಒಡ್ಡುಗಳಿಗಾಗಿ ಅಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ನಾಶವಾದವು, ಮತ್ತು ನೀರನ್ನು ಒಳಬಿಡುವ ಹೊರಬಿಡುವ ಬಾಗಿಲಿನ ಮೇಲಿನ ಹಿಡಿತವೇ ಬೆಲೆಯುಳ್ಳ ಹಕ್ಕಾಗಿ ಮಾರ್ಪಟ್ಟಿತು. ಸಿಗಡಿಗೆ ವಿದೇಶದಲ್ಲಿ ಬೇಡಿಕೆ ಏರಿದಂತೆ ಬಾಗಿಲಿನ ಮೀನು ಹಿಡಿಯುವ ಹಕ್ಕು ಹರಾಜಾಗತೊಡಗಿ, ಗುತ್ತಿಗೆ ಹಿಡಿದವರಿಗೆ ಕಗ್ಗಕ್ಕಿಂತ ಸಿಗಡಿ ಹೆಚ್ಚು ಲಾಭದ್ದಾಗಿ ಕಂಡಿತು. ಬಾಗಿಲು ಮುಚ್ಚಿ ಸಿಹಿನೀರು ನಿಲ್ಲಿಸಬೇಕಾದ ಕಾಲದಲ್ಲಿಯೂ ಉಪ್ಪುನೀರು ಒಳಬಂದಾಗ ಭತ್ತ ಸೋತಿತು; ಒಮ್ಮೆ ಬಿತ್ತನೆ ನಿಂತ ಗದ್ದೆ ಮತ್ತೆ ಗದ್ದೆಯಾಗುವುದು ಕಷ್ಟವಾಯಿತು. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಹುಲಿ ಸಿಗಡಿಯ ಕೃಷಿ ದೇಶದ ಎರಡೂ ಕರಾವಳಿಗಳಲ್ಲಿ ಹಬ್ಬಿದಾಗ, ಭರತವು ತರುವ ಮರಿಗಳನ್ನು ಕಾಯುವ ಬದಲು ಮರಿ ಉತ್ಪಾದನಾ ಕೇಂದ್ರಗಳಿಂದ ಮರಿಗಳನ್ನು ತಂದು ಬಿಡುವ, ಹೊರಗಿನ ಮೇವನ್ನು ಹಾಕುವ ಕ್ರಮ ರೂಢಿಗೆ ಬಂತು. ನೀರಿನ ಏರಿಳಿತ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಬೇರೆ ಯಾವುದೋ ಮಾಡಬೇಕಾಗಿತ್ತು, ಮತ್ತು ಆ ಸ್ಥಾನಕ್ಕೆ ಪ್ರತಿಜೀವಕ ಬಂದು ಕುಳಿತಿತು.

ಮದ್ದು ಮೊದಲು ಸೇರಿಕೊಂಡದ್ದು ರೈತನ ಕೊಳದಲ್ಲಿ ಅಲ್ಲ, ಮರಿ ಉತ್ಪಾದನಾ ಕೇಂದ್ರದ ತೊಟ್ಟಿಯಲ್ಲಿ. ಲಕ್ಷಾಂತರ ಮರಿಗಳು ಒಂದೇ ನೀರಿನಲ್ಲಿ ಇಕ್ಕಟ್ಟಾಗಿ ಬೆಳೆಯುವ ಈ ತೊಟ್ಟಿಗಳಲ್ಲಿ ವಿಬ್ರಿಯೊ ಹಾರ್ವೇಯಿ ಎಂಬ ಬ್ಯಾಕ್ಟೀರಿಯ ಬಹುಬೇಗ ಹರಡುತ್ತದೆ. ಅದರ ವಿಶೇಷವೆಂದರೆ ಅದು ಮಿನುಗುತ್ತದೆ. ಈ ಬ್ಯಾಕ್ಟೀರಿಯಗಳು ತಾವು ಹೊರಸೂಸುವ ರಾಸಾಯನಿಕ ಸಂಕೇತಗಳ ಮೂಲಕ ಸುತ್ತಲಿನ ತಮ್ಮ ಸಂಖ್ಯೆಯನ್ನು ಗ್ರಹಿಸುತ್ತವೆ, ಮತ್ತು ಸಂಖ್ಯೆ ಒಂದು ಮಟ್ಟವನ್ನು ಮೀರಿದಾಗ ಮಾತ್ರ ಬೆಳಕನ್ನು ಉಂಟುಮಾಡುತ್ತವೆ. ಆದ್ದರಿಂದ ಕತ್ತಲಲ್ಲಿ ತೊಟ್ಟಿಯ ಮರಿಗಳು ಹೊಳೆಯುತ್ತಿವೆಯೆಂದರೆ ಸೋಂಕು ಆಗಲೇ ಕೈಮೀರುತ್ತಿದೆಯೆಂದು ಅರ್ಥ. ಒಂದು ತೊಟ್ಟಿಯ ಮರಿಗಳೆಲ್ಲ ಒಂದೆರಡು ದಿನಗಳಲ್ಲಿ ಸಾಯುವ ಭಯದಿಂದ ಏಷ್ಯದ ಅನೇಕ ಕೇಂದ್ರಗಳು ರೋಗ ಬರುವ ಮೊದಲೇ, ಮುನ್ನೆಚ್ಚರಿಕೆಯೆಂದು, ನೀರಿಗೆ ಪ್ರತಿಜೀವಕಗಳನ್ನು ಬೆರೆಸುವ ರೂಢಿಯನ್ನು ಬೆಳೆಸಿಕೊಂಡವು.

ಈ ರೂಢಿಯ ಪರಿಣಾಮವನ್ನು ಕನ್ನಡ ಕರಾವಳಿಯ ವಿಜ್ಞಾನಿಗಳೇ ಬಹು ಮುಂಚೆ ಗುರುತಿಸಿದರು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಅವರ ಸಹಸಂಶೋಧಕರು, ಹುಲಿ ಸಿಗಡಿಯ ಮರಿಗಳು ಸಾಮೂಹಿಕವಾಗಿ ಸತ್ತ ಒಂದು ಮರಿ ಉತ್ಪಾದನಾ ಕೇಂದ್ರದಿಂದ ವಿಬ್ರಿಯೊ ಹಾರ್ವೇಯಿಯನ್ನು ಬೇರ್ಪಡಿಸಿ, ಅದು ಕೋಟ್ರೈಮಾಕ್ಸಜೋಲ್, ಕ್ಲೋರಾಂಫೆನಿಕಾಲ್, ಎರಿಥ್ರೊಮೈಸಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಎಂಬ ನಾಲ್ಕೂ ಮದ್ದುಗಳಿಗೆ ಮಣಿಯುವುದಿಲ್ಲವೆಂದು 1994ರಲ್ಲಿ ಪ್ರಕಟಿಸಿದರು. ಮರಿಗಳನ್ನು ಕೊಂದದ್ದು ಮದ್ದಿನ ಕೊರತೆಯಲ್ಲ, ಮದ್ದಿನ ನಡುವೆಯೇ ಬದುಕಲು ಕಲಿತ ಜೀವಿ ಎಂಬುದು ಇದರಿಂದ ಸ್ಪಷ್ಟವಾಯಿತು. ಭಾರತದ ಸಿಗಡಿ ಉದ್ಯಮದ ಚರಿತ್ರೆಯಲ್ಲಿ ಈ ಸಂಶೋಧನೆಗೆ ಇರಬೇಕಾದ ಸ್ಥಾನ ಇನ್ನೂ ದೊರೆತಿಲ್ಲ.

ಆ ನಾಲ್ಕು ಮದ್ದುಗಳು ಕೆಲಸ ಮಾಡುವ ಬಗೆಯನ್ನು ತಿಳಿದರೆ ಬ್ಯಾಕ್ಟೀರಿಯದ ಗೆಲುವು ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಪ್ರತಿಜೀವಕವು ಬ್ಯಾಕ್ಟೀರಿಯದಲ್ಲಿ ಇರುವ, ಆದರೆ ಪ್ರಾಣಿಯ ಜೀವಕೋಶದಲ್ಲಿ ಇಲ್ಲದ ಅಥವಾ ಬೇರೆ ರೂಪದಲ್ಲಿರುವ ಭಾಗವನ್ನು ಹುಡುಕಿ ಹೊಡೆಯುತ್ತದೆ. ಪೆನಿಸಿಲಿನ್ ಗುಂಪಿನವು ಬ್ಯಾಕ್ಟೀರಿಯದ ಹೊರಗೋಡೆಯ ಕಟ್ಟಡವನ್ನು ಕೆಡಿಸುತ್ತವೆ. ಮೇಲಿನ ನಾಲ್ಕರಲ್ಲಿ ಮೂರು, ಜೀವಕೋಶದಲ್ಲಿ ಪ್ರೋಟೀನನ್ನು ತಯಾರಿಸುವ ರೈಬೊಸೋಮ್ ಎಂಬ ಕಣದ ಬೇರೆ ಬೇರೆ ಸ್ಥಾನಗಳಿಗೆ ಅಂಟಿಕೊಳ್ಳುತ್ತವೆ: ಕ್ಲೋರಾಂಫೆನಿಕಾಲ್ ಮತ್ತು ಎರಿಥ್ರೊಮೈಸಿನ್ ಅದರ ದೊಡ್ಡ ತುಂಡಿಗೆ ಅಂಟಿ ಪ್ರೋಟೀನಿನ ಎಳೆ ಬೆಳೆಯದಂತೆ ತಡೆದರೆ, ಸ್ಟ್ರೆಪ್ಟೊಮೈಸಿನ್ ಚಿಕ್ಕ ತುಂಡಿಗೆ ಅಂಟಿ ತಪ್ಪು ಪ್ರೋಟೀನುಗಳು ತಯಾರಾಗುವಂತೆ ಮಾಡುತ್ತದೆ. ಕೋಟ್ರೈಮಾಕ್ಸಜೋಲ್ ಎರಡು ಮದ್ದುಗಳ ಮಿಶ್ರಣವಾಗಿದ್ದು, ಬ್ಯಾಕ್ಟೀರಿಯವು ತನಗೆ ಬೇಕಾದ ಫೋಲೇಟನ್ನು ತಯಾರಿಸಿಕೊಳ್ಳುವ ದಾರಿಯ ಎರಡು ಹಂತಗಳನ್ನು ಮುಚ್ಚುತ್ತದೆ. ಇವುಗಳಲ್ಲಿ ಕೆಲವು ಬ್ಯಾಕ್ಟೀರಿಯವನ್ನು ಕೊಲ್ಲುತ್ತವೆ, ಕೆಲವು ಅದರ ಬೆಳವಣಿಗೆಯನ್ನು ನಿಲ್ಲಿಸುತ್ತವೆಯಷ್ಟೆ; ಎರಡನೆಯ ಬಗೆಯಲ್ಲಿ ಉಳಿದ ಕೆಲಸವನ್ನು ರೋಗಿಯ ದೇಹದ ರೋಗನಿರೋಧಕ ಶಕ್ತಿಯೇ ಮುಗಿಸಬೇಕು. ಮನುಷ್ಯರಂತೆ ಪ್ರತಿಕಾಯಗಳನ್ನು ಉಂಟುಮಾಡುವ ಶಕ್ತಿ ಸಿಗಡಿಗೆ ಇಲ್ಲದಿರುವುದರಿಂದ ಇಂಥ ಮದ್ದಿನ ಅರ್ಧ ಕೆಲಸ ಅಲ್ಲಿ ಅರ್ಧವಾಗಿಯೇ ಉಳಿಯುವ ಸಂಭವ ಹೆಚ್ಚು.

ಬ್ಯಾಕ್ಟೀರಿಯದ ಎದುರುತಂತ್ರಗಳು ಹಲವು. ಕೆಲವು ಬ್ಯಾಕ್ಟೀರಿಯಗಳು ಮದ್ದನ್ನು ಮಾರ್ಪಡಿಸುವ ಕಿಣ್ವವನ್ನು ತಯಾರಿಸುತ್ತವೆ. ಕ್ಲೋರಾಂಫೆನಿಕಾಲ್‌ಗೆ ಅಸಿಟೈಲ್ ಗುಂಪನ್ನು ಜೋಡಿಸುವ ಕಿಣ್ವವು ಅದು ರೈಬೊಸೋಮಿಗೆ ಅಂಟದಂತೆ ಮಾಡಿಬಿಡುತ್ತದೆ. ಕೆಲವು ತಮ್ಮ ಗುರಿಭಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಇನ್ನು ಕೆಲವು, ದೋಣಿಗೆ ನುಗ್ಗಿದ ನೀರನ್ನು ಅಂಬಿಗನು ಮೊಗೆದು ಹೊರಚೆಲ್ಲುವಂತೆ, ಒಳಬಂದ ಮದ್ದನ್ನು ತಮ್ಮ ಪೊರೆಯಲ್ಲಿರುವ ಪಂಪುಗಳ ಮೂಲಕ ಹೊರಹಾಕುತ್ತವೆ. ಈ ತಂತ್ರಗಳ ವಂಶವಾಹಿಗಳು ಹಲವು ಸಲ ಪ್ಲಾಸ್ಮಿಡ್ ಎಂಬ, ವರ್ಣತಂತುವಿನಿಂದ ಪ್ರತ್ಯೇಕವಾಗಿರುವ ಡಿಎನ್‌ಎ ಉಂಗುರಗಳ ಮೇಲೆ ಒಟ್ಟಾಗಿ ಕುಳಿತಿರುತ್ತವೆ, ಮತ್ತು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟಿಹೋಗಬಲ್ಲವು. ಒಂದೇ ಮದ್ದನ್ನು ಬಳಸಿದರೂ ನಾಲ್ಕು ಮದ್ದುಗಳಿಗೆ ನಿರೋಧ ಹರಡುವುದು ಈ ಕಾರಣದಿಂದಲೇ.

ಮಂಗಳೂರಿನ ಅದೇ ಸಂಶೋಧಕರು 1996ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ವಿಬ್ರಿಯೊ ಹಾರ್ವೇಯಿಯು ತೊಟ್ಟಿಯ ಕಾಂಕ್ರೀಟು, ಪ್ಲಾಸ್ಟಿಕ್ಕು, ಉಕ್ಕಿನ ಮೈಗೆ ಲೋಳೆಯ ಪದರವಾಗಿ ಅಂಟಿಕೊಳ್ಳುತ್ತದೆ, ಮತ್ತು ನೀರಿನಲ್ಲಿ ತೇಲುವ ಬ್ಯಾಕ್ಟೀರಿಯವನ್ನು ಕೊಲ್ಲುವ ಪ್ರಮಾಣದ ಕ್ಲೋರಿನ್ ಆ ಪದರದೊಳಗಿನವನ್ನು ಕೊಲ್ಲಲಾರದು. ಜೈವಿಕ ಪದರವೆಂದು ಕರೆಯಲಾಗುವ ಇದರೊಳಗೆ ಮದ್ದು ಸರಿಯಾಗಿ ಇಳಿಯುವುದಿಲ್ಲ, ಒಳಗಿನ ಬ್ಯಾಕ್ಟೀರಿಯಗಳು ನಿಧಾನವಾಗಿ ಬೆಳೆಯುವುದರಿಂದ ಬೆಳವಣಿಗೆಯನ್ನೇ ಗುರಿಯಾಗಿಸುವ ಮದ್ದುಗಳು ಅವುಗಳ ಮೇಲೆ ನಾಟುವುದಿಲ್ಲ. ಹೀಗಾಗಿ ಒಂದು ತಂಡದ ಮರಿಗಳನ್ನು ಕೊಂದ ಬ್ಯಾಕ್ಟೀರಿಯ ತೊಟ್ಟಿಯ ಗೋಡೆಯಲ್ಲಿ ಕಾದಿದ್ದು ಮುಂದಿನ ತಂಡವನ್ನೂ ಹಿಡಿಯಬಲ್ಲದು. ಬದುಕುಳಿದ ಮರಿಗಳ ಮೈಯಲ್ಲಿ ಕುಳಿತು ಗಜನಿಯ ನೀರನ್ನೂ ಸೇರಬಲ್ಲದು.

ಗಜನಿಯ ನೀರಿನ ಗುಣವೂ ಮದ್ದಿಗೆ ಅನುಕೂಲವಾದದ್ದಲ್ಲ. ಸಿಗಡಿ ಕೃಷಿಯಲ್ಲಿ ಜಗತ್ತಿನಾದ್ಯಂತ ಬಳಕೆಯಾದ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಮದ್ದು ಉಪ್ಪುನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳೊಡನೆ ಬಂಧಗೊಂಡು ತನ್ನ ಬಲದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಮೇವಿನಲ್ಲಿ ಬೆರೆಸಿದಾಗ ಸಿಗಡಿ ತಿನ್ನದೆ ಬಿಟ್ಟ ಭಾಗ ಕೆಸರಿಗಿಳಿದು, ಗಾಳಿಯಿಲ್ಲದ ಆ ಪದರದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಬ್ಯಾಕ್ಟೀರಿಯವನ್ನು ಕೊಲ್ಲಲು ಸಾಲದ, ಆದರೆ ನಿರೋಧವುಳ್ಳವನ್ನು ಆರಿಸಿ ಉಳಿಸಲು ಸಾಕಾಗುವಷ್ಟು ಅಲ್ಪ ಪ್ರಮಾಣದಲ್ಲಿ ಮದ್ದು ಅಲ್ಲಿ ಇರುವುದಕ್ಕಿಂತ ಕೆಟ್ಟ ಸ್ಥಿತಿ ಬೇರೊಂದಿಲ್ಲ.

1994-95ರಲ್ಲಿ ಭಾರತದ ಸಿಗಡಿ ಕೊಳಗಳನ್ನು ಬಿಳಿಚುಕ್ಕೆ ರೋಗ ಹಾಳುಗೆಡವಿತು. ಇದು ವೈರಸ್ಸಿನಿಂದ ಬರುವ ರೋಗ. ಗೋಡೆಯೂ ಸ್ವಂತ ರೈಬೊಸೋಮೂ ಇಲ್ಲದ ವೈರಸ್ಸಿನಲ್ಲಿ ಪ್ರತಿಜೀವಕಕ್ಕೆ ಹೊಡೆಯಲು ಗುರಿಯೇ ಇರುವುದಿಲ್ಲ; ಆದ್ದರಿಂದ ಈ ರೋಗಕ್ಕೆಂದು ಎಲ್ಲೆಲ್ಲಿ ಪ್ರತಿಜೀವಕ ಸುರಿದರೋ ಅಲ್ಲೆಲ್ಲ ರೋಗ ಉಳಿಯಿತು, ನಿರೋಧ ಮಾತ್ರ ಬೆಳೆಯಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಅವರ ಅರ್ಜಿಯ ಮೇಲೆ ತೀರ್ಪು ನೀಡಿ, ಕರಾವಳಿ ನಿಯಂತ್ರಣ ವಲಯದೊಳಗಿನ ಸಾಂದ್ರ ಮತ್ತು ಅರೆಸಾಂದ್ರ ಸಿಗಡಿ ಕೊಳಗಳನ್ನು ತೆರವುಗೊಳಿಸಲು ಆದೇಶಿಸಿತು. ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳನ್ನು ಅದು ಉಳಿಸಿತಾದ್ದರಿಂದ, ಗಜನಿಯಂಥ ಕೃಷಿಗೆ ಕಾನೂನಿನಲ್ಲಿ ಸ್ಥಾನ ಸಿಕ್ಕಿತು. ಆದರೆ ಆ ಹೊತ್ತಿಗೆ ಕುಮಟಾದ ಅನೇಕ ಗಜನಿಗಳಲ್ಲಿ ಭತ್ತ ನಿಂತುಹೋಗಿ, ಆ ಸಂಪ್ರದಾಯದ ಅರ್ಧಭಾಗವೇ ಇಲ್ಲವಾಗಿತ್ತು.

ಮದ್ದಿನ ಮೇಲೆ ಗಟ್ಟಿಯಾದ ನಿಷೇಧ ಬಂದದ್ದು ಕೊಳ್ಳುವವರ ಒತ್ತಡದಿಂದ. 2001-02ರಲ್ಲಿ ಏಷ್ಯದ ಸಿಗಡಿಯಲ್ಲಿ ಕ್ಲೋರಾಂಫೆನಿಕಾಲ್ ಮತ್ತು ನೈಟ್ರೊಫ್ಯುರಾನ್ ಶೇಷಾಂಶಗಳು ಪತ್ತೆಯಾದಾಗ ಯುರೋಪಿನ ಒಕ್ಕೂಟ ಸರಕುಗಳನ್ನು ತಡೆಯಿತು. ಕ್ಲೋರಾಂಫೆನಿಕಾಲ್ ಅಪರೂಪಕ್ಕೆ ಮನುಷ್ಯನ ಅಸ್ಥಿಮಜ್ಜೆಯನ್ನೇ ಕುಂದಿಸಿ ಪ್ರಾಣಾಂತಕ ರಕ್ತಹೀನತೆಯನ್ನು ತರಬಲ್ಲದು, ನೈಟ್ರೊಫ್ಯುರಾನ್‌ಗಳು ಕ್ಯಾನ್ಸರ್ ಉಂಟುಮಾಡುವ ಸಂದೇಹಕ್ಕೆ ಒಳಗಾದವು. ಭಾರತ ಸರಕಾರವೂ 2002ರಲ್ಲಿ ಜಲಕೃಷಿಯಲ್ಲಿ ಇಂಥ 20 ಪ್ರತಿಜೀವಕ ಮತ್ತು ಔಷಧ ವಸ್ತುಗಳ ಬಳಕೆಯನ್ನು ನಿಷೇಧಿಸಿತು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆಯಡಿಯ ನಿಯಮಗಳಲ್ಲಿಯೂ ಈ ಪಟ್ಟಿ ಸೇರಿತು. 2019ರ ಜುಲೈಯಲ್ಲಿ ಕೊಲಿಸ್ಟಿನ್ ಎಂಬ ಮದ್ದನ್ನು ಜಲಕೃಷಿಯೂ ಸೇರಿದಂತೆ ಆಹಾರಕ್ಕಾಗಿ ಸಾಕುವ ಎಲ್ಲ ಪ್ರಾಣಿಗಳಲ್ಲಿ ನಿಷೇಧಿಸಲಾಯಿತು.

ಕೊಲಿಸ್ಟಿನ್ನಿಗೆ ಇಷ್ಟು ಕಾವಲು ಏಕೆಂಬುದು, ನಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯವನ್ನು ವೈದ್ಯರು ಹೇಗೆ ಕೊಲ್ಲುತ್ತಾರೆಂಬ ಪ್ರಶ್ನೆಗೆ ಸೇರಿದ್ದು. ಅದಕ್ಕೆ ಇರುವ ದಾರಿಗಳು ಕೆಲವೇ. ಬ್ಯಾಕ್ಟೀರಿಯದ ಕಿಣ್ವವನ್ನು ಕಟ್ಟಿಹಾಕುವ ಸಹಾಯಕ ವಸ್ತುವನ್ನು ಹಳೆಯ ಮದ್ದಿನೊಡನೆ ಬೆರೆಸುವುದು ಒಂದು. ಅಮಾಕ್ಸಿಸಿಲಿನ್ನಿನೊಡನೆ ಕ್ಲಾವುಲಾನಿಕ್ ಆಮ್ಲವನ್ನು ಸೇರಿಸಿ ಕೊಡುವ ಮಾತ್ರೆ ಇದಕ್ಕೆ ಪರಿಚಿತ ಉದಾಹರಣೆ. ಹಳೆಯ ಮದ್ದುಗಳು ಮುಟ್ಟದ ಭಾಗವನ್ನು ಹೊಡೆಯುವುದು ಇನ್ನೊಂದು. ಧನ ವಿದ್ಯುದಂಶವುಳ್ಳ ಕೊಲಿಸ್ಟಿನ್ ಬ್ಯಾಕ್ಟೀರಿಯದ ಹೊರಪೊರೆಯ ಋಣಾಂಶದ ಕೊಬ್ಬಿನ ಅಣುಗಳಿಗೆ ಅಂಟಿ ಪೊರೆಯನ್ನು ಸೀಳುತ್ತದೆ, ಒಳಗಿನ ದ್ರವ ಸೋರಿ ಬ್ಯಾಕ್ಟೀರಿಯ ಸಾಯುತ್ತದೆ. ಮೂತ್ರಪಿಂಡಕ್ಕೆ ಹಾನಿಕರವಾದರೂ, ಬೇರೆಲ್ಲ ಮದ್ದು ಸೋತ ರೋಗಿಗೆ ಕೊನೆಯ ಆಸರೆಯಾಗಿ ಅದನ್ನು ಇಟ್ಟುಕೊಳ್ಳಲಾಗಿದೆ. 2015ರಲ್ಲಿ ಚೀನದಲ್ಲಿ, ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ, ಕೊಲಿಸ್ಟಿನ್ನಿಗೂ ನಿರೋಧ ಕೊಡುವ ವಂಶವಾಹಿ ಪ್ಲಾಸ್ಮಿಡ್ಡಿನ ಮೇಲೆ ಕಂಡುಬಂದುದು ಜಗತ್ತನ್ನು ಕಂಗೆಡಿಸಿತು. ಹೊಲ, ಕೊಳಗಳಲ್ಲಿ ಬಳಸಿದ ಮದ್ದಿಗೂ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಕರಣ ಮತ್ತೊಂದಿಲ್ಲ. ಕ್ವಿನೊಲೋನ್ ಗುಂಪಿನ ಮದ್ದುಗಳಿಗೆ ನಿರೋಧ ಕೊಡುವ ಕೆಲವು ವಂಶವಾಹಿಗಳ ಮೂಲವಂತೂ ವಿಬ್ರಿಯೊ ಮತ್ತು ಶಿವನೆಲ್ಲಾ ಎಂಬ ನೀರಿನ ಬ್ಯಾಕ್ಟೀರಿಯಗಳಲ್ಲಿಯೇ ಇದೆಯೆಂದು ಗುರುತಿಸಲಾಗಿದೆ.

ಮೂರನೆಯ ದಾರಿ ಮದ್ದಿನದೇ ಅಲ್ಲ. ಬ್ಯಾಕ್ಟೀರಿಯೊಫೇಜ್ ಎಂದರೆ ಬ್ಯಾಕ್ಟೀರಿಯವನ್ನು ಮಾತ್ರ ಸೋಂಕಿ, ಒಳಗೆ ತನ್ನ ಸಂತತಿಯನ್ನು ಹೆಚ್ಚಿಸಿಕೊಂಡು, ಅದನ್ನು ಒಡೆದು ಹೊರಬರುವ ವೈರಸ್. ಬ್ಯಾಕ್ಟೀರಿಯ ಯಾವ ಪ್ರತಿಜೀವಕಕ್ಕೆ ನಿರೋಧ ಬೆಳೆಸಿಕೊಂಡಿದ್ದರೂ ಫೇಜಿನ ದಾಳಿಗೆ ಅದರಿಂದ ಸಾಮಾನ್ಯವಾಗಿ ತಡೆಯಾಗುವುದಿಲ್ಲ. ಸೂಕ್ಷ್ಮಜೀವಿ ವಿಜ್ಞಾನಿ ಫೆಲಿಕ್ಸ್ ಡಿ'ಎರೆಲ್ 1927ರಲ್ಲಿ ಭಾರತಕ್ಕೆ ಬಂದು, ಇನ್ನೊಂದು ವಿಬ್ರಿಯೊದಿಂದಲೇ ಬರುವ ಕಾಲರಾ ರೋಗದ ಮೇಲೆ ಫೇಜುಗಳನ್ನು ಪ್ರಯೋಗಿಸಿದ್ದನು. ಪ್ರತಿಜೀವಕಗಳ ಅಬ್ಬರದಲ್ಲಿ ಆ ಹಾದಿ ಮರೆಯಾಯಿತು. ಮಂಗಳೂರಿನ ತಂಡ 2006ರಲ್ಲಿ ವಿಬ್ರಿಯೊ ಹಾರ್ವೇಯಿಯನ್ನು ಕೊಲ್ಲುವ ಫೇಜನ್ನು ಬೇರ್ಪಡಿಸಿ ಮರಿ ಉತ್ಪಾದನಾ ಕೇಂದ್ರದಲ್ಲಿ ಪರೀಕ್ಷಿಸಿದಾಗ, ಫೇಜ್ ಪಡೆದ ಮರಿಗಳಲ್ಲಿ ಶೇಕಡಾ 86ರಷ್ಟು, ಪ್ರತಿಜೀವಕ ಪಡೆದವುಗಳಲ್ಲಿ ಸುಮಾರು ಶೇಕಡಾ 40ರಷ್ಟು ಬದುಕುಳಿದವು. ಫೇಜುಗಳಿಗೂ ಬ್ಯಾಕ್ಟೀರಿಯ ನಿರೋಧ ಬೆಳೆಸಿಕೊಳ್ಳಬಲ್ಲುದಾದ್ದರಿಂದ ಇದನ್ನು ಅಂತಿಮ ಪರಿಹಾರವೆನ್ನಲಾಗದು. ಆದರೂ ಸೋಲುತ್ತಿರುವ ಮದ್ದನ್ನೇ ಹೆಚ್ಚು ಹೆಚ್ಚು ಸುರಿಯುವುದಕ್ಕಿಂತ ಇದು ಎಷ್ಟೋ ವಿವೇಕದ ಮಾರ್ಗ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ತಾಣವಾಗಿ ಘೋಷಣೆಯಾಗಿ, ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಸಾಲಿಗೆ ಸೇರಿತು. ಆದರೆ ಈ ಮನ್ನಣೆಯೊಂದೇ ಅಳಿವೆಯನ್ನು ನಿರೋಧದಿಂದ ಕಾಯಲಾರದು. ಇಂದು ರಫ್ತಾಗುವ ಸಿಗಡಿಯಲ್ಲಿ ಮದ್ದಿನ ಶೇಷಾಂಶವನ್ನು ಪರೀಕ್ಷಿಸುವ ವ್ಯವಸ್ಥೆ ಬಲವಾಗಿದೆ, ಏಕೆಂದರೆ ಹೊರದೇಶದ ಗ್ರಾಹಕ ಅದನ್ನು ಬೇಡುತ್ತಾನೆ. ಆದರೆ ಶೇಷಾಂಶದ ಪರೀಕ್ಷೆ ಮದ್ದನ್ನು ಹುಡುಕುತ್ತದೆಯೇ ಹೊರತು, ಮದ್ದು ಕರಗಿಹೋದ ಮೇಲೂ ನೀರು ಮತ್ತು ಕೆಸರಿನಲ್ಲಿ ಉಳಿಯುವ ನಿರೋಧಕ ಬ್ಯಾಕ್ಟೀರಿಯವನ್ನಾಗಲಿ ಅದರ ವಂಶವಾಹಿಯನ್ನಾಗಲಿ ಹುಡುಕುವುದಿಲ್ಲ. ಅಳಿವೆಯ ನೀರಿನಲ್ಲಿ ಇಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರೂ ಅದನ್ನು ಕೊಂಡು ತಿನ್ನುವ ಊರಿನವರೂ ಈ ಕಾವಲಿನ ಹೊರಗಿದ್ದಾರೆ. ಅಳಿವೆಯ ನೀರು, ಕೆಸರು ಮತ್ತು ಬಳಚಿನಲ್ಲಿರುವ ವಿಬ್ರಿಯೊಗಳು ಯಾವ ಯಾವ ಮದ್ದಿಗೆ ಮಣಿಯುತ್ತವೆ, ಯಾವುದಕ್ಕೆ ಮಣಿಯುವುದಿಲ್ಲ ಎಂಬ ಪರೀಕ್ಷೆಯನ್ನು ಋತುವಿಗೊಮ್ಮೆ ನಡೆಸಿ, ಅದರ ಫಲಿತಾಂಶವನ್ನು ಕುಮಟಾ, ಹೊನ್ನಾವರ, ಭಟ್ಕಳದ ಗ್ರಾಮ ಪಂಚಾಯಿತಿಗಳಿಗೂ ಸರಕಾರಿ ಆಸ್ಪತ್ರೆಗಳಿಗೂ ಕನ್ನಡದಲ್ಲಿ ತಲುಪಿಸುವುದು, ಮತ್ತು ಕಗ್ಗ ಬಿತ್ತುವ ಗಜನಿಗೆ ಮಳೆಗಾಲದ ನಾಲ್ಕು ತಿಂಗಳು ಬಾಗಿಲು ಮುಚ್ಚುವ ಹಕ್ಕನ್ನು ಮರಳಿ ಕೊಡುವುದು, ಸರಕಾರ ಇನ್ನು ತಡಮಾಡದೆ ಕೈಗೊಳ್ಳಬೇಕಾದ ಕೆಲಸಗಳು.